ಆರು ಸಿಲಿಂಡರಿಗೆ ಎಷ್ಟು ಗಾಳಿ, ಎಷ್ಟು ಒತ್ತಡ?

ಓದುಗರ ಪ್ರಶ್ನೆ – ಗ್ಯಾರೇಜಿನ ಉತ್ತರ

ಈ ಸಲದ ಪತ್ರಗಳಲ್ಲಿ ಹಳೇ ಪೆಟ್ರೋಲ್ ಸಿಕ್ಸ್‌ಗಳದ್ದೇ (ಆರು ಸಿಲಿಂಡರಿನ ಇಂಜಿನ್ನುಗಳದ್ದೇ) ಮೇಲುಗೈ. ಕಾಪುವಿನ ಪತ್ರಕ್ಕೆ ಉದ್ದದ ಉತ್ತರ ಬೇಕಾಯಿತು. ಉಳಿದವರ ಸಂಶಯಗಳಲ್ಲಿ ಕೆಲವು ಅದರಲ್ಲೇ ಪರಿಹಾರವಾಗಬಹುದು.

ಪ್ರಶ್ನೆ: ನನ್ನಲ್ಲಿ ಸೇನೆಯ ಹರಾಜಿನಿಂದ ಬಂದ ಒಂದು ಪೆಟ್ರೋಲ್ ಜೋಂಗಾ ಉಂಟು. ಇಂಜಿನ್ ಬಿಚ್ಚಿ 1 ಮಿ.ಮೀ. ಓವರ್‌ಸೈಜ್ ಬೋರಿಂಗ್ ಮಾಡಿಸಿದ್ದೇನೆ, ಬೋರ್ ಈಗ 86.7 ಮಿ.ಮೀ. ಪಿಸ್ಟನ್ನಿನ ತಲೆ ಚಪ್ಪಟೆ. ಕ್ಯಾಮ್ (ವಾಲ್ವ್ ತೆರೆದು ಮುಚ್ಚುವ ದಂಡ) ಸ್ವಲ್ಪ ಜೋರಿನದ್ದು, ಇಂಟೇಕ್ ವಾಲ್ವ್ ಬಿ.ಡಿ.ಸಿ. (ಪಿಸ್ಟನ್ ಪೂರ್ತಿ ಕೆಳಗಿರುವ ಬಿಂದು) ದಾಟಿ 60 ಡಿಗ್ರಿಗೆ ಮುಚ್ಚುತ್ತದೆ. ಹೆಡ್ಡಿನ ಚೇಂಬರ್ (ಪೆಟ್ರೋಲ್ ಉರಿಯುವ ಗುಳಿ) ಅಳೆದಾಗ 84 ಸಿಸಿ ಬಂತು. ಬಿಗಿದ ಮೇಲೆ ಹೆಡ್ ಗ್ಯಾಸ್ಕೆಟ್ ದಪ್ಪ 1.2 ಮಿ.ಮೀ., ಅದರ ತೂತು 89 ಮಿ.ಮೀ. ಪಿಸ್ಟನ್ ಮೇಲೆ ಬಂದಾಗ ಬ್ಲಾಕಿನ ಮಟ್ಟಕ್ಕಿಂತ ಅರ್ಧ ಮಿ.ಮೀ. ಕೆಳಗೆ ನಿಲ್ಲುತ್ತದೆ. ಕಂಪ್ರೆಷನ್ ರೇಶಿಯೋ (ಸಿಲಿಂಡರಿನ ಗಾಳಿ ಎಷ್ಟು ಪಟ್ಟು ಒತ್ತಿಕೊಳ್ಳುತ್ತದೆ ಎಂಬ ಅಂಕಿ) 10 ಮಾಡಿ, 600 ಸಿಎಫ್‌ಎಂನ (ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ ಬಿಡುವ), ನಾಲ್ಕು ಬ್ಯಾರೆಲಿನ (ಗಾಳಿ ಹೋಗುವ ಕೊಳವೆಯ) ಹೋಲಿ ಕಾರ್ಬುರೇಟರ್ ಕೂರಿಸಿದರೆ ಹೇಗೆ? ಗಾಡಿ ಓಡುವುದು ಹೆಚ್ಚಾಗಿ ಹೆದ್ದಾರಿಯಲ್ಲಿ, ಮಳೆಗಾಲದಲ್ಲಿ ಗುಡ್ಡೆ ಹತ್ತಲಿಕ್ಕೆ.
— ಓದುಗರು, ಕಾಪು

ಉತ್ತರ: ಎರಡೂ ಬೇಡ ಮಾರಾಯ್ರೆ. ರೇಶಿಯೋ 8.5ಕ್ಕೆ ನಿಲ್ಲಿಸಿ, ಕಾರ್ಬುರೇಟರ್ ನೀವು ಹೇಳಿದ್ದರ ಅರ್ಧದಷ್ಟು ಸಾಕು. ಯಾಕೆಂದು ಹೇಳುವಷ್ಟು ಅಳತೆ ನಿಮ್ಮ ಪತ್ರದಲ್ಲೇ ಇದೆ. ಹೆಚ್ಚಿನವರು ಚೇಂಬರ್ ಅಳೆಯದೆಯೇ ಹೆಡ್ಡನ್ನು ಲೇತಿಗೆ ಕೊಟ್ಟುಬಿಡುತ್ತಾರೆ.

ಮೊದಲು ಲೆಕ್ಕ. ಜೋಂಗಾ ಅಂದರೆ ಜಬಲ್ಪುರದ ಕಾರ್ಖಾನೆಯಲ್ಲಿ ಸೇನೆಗಾಗಿ ತಯಾರಾದ ನಿಸ್ಸಾನ್ ಪ್ಯಾಟ್ರೋಲ್ 60. ಇಂಜಿನ್ ಮೂಲತಃ 3956 ಸಿಸಿ, ಬೋರ್ 85.7, ಸ್ಟ್ರೋಕ್ 114.3 ಮಿ.ಮೀ. ನಿಮ್ಮ ಬೋರಿಂಗಿನ ನಂತರ ಒಂದು ಸಿಲಿಂಡರಿಗೆ 674.8, ಆರಕ್ಕೆ 4049 ಸಿಸಿ. ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ: ಚೇಂಬರಿನ 84, ಗ್ಯಾಸ್ಕೆಟ್ಟಿನ ದಪ್ಪದಲ್ಲಿ 7.5, ಆ ಅರ್ಧ ಮಿ.ಮೀ.ನಲ್ಲಿ 3. ಒಟ್ಟು 94.5 ಸಿಸಿ. 674.8ಕ್ಕೆ 94.5 ಕೂಡಿಸಿ, ಬಂದದ್ದನ್ನು 94.5ರಿಂದಲೇ ಭಾಗಿಸಿದರೆ 8.14. ಅಂದರೆ ಏನೂ ಮಾಡದೆಯೇ ನೀವು 8ರ ಮೇಲೆ ಇದ್ದೀರಿ.

10ಕ್ಕೆ ಹೋಗಬೇಕಾದರೆ ಆ 94.5 ಜಾಗ 75ಕ್ಕೆ ಇಳಿಯಬೇಕು, ಎಂದರೆ 19.5 ಸಿಸಿ ಕಡಿಮೆಯಾಗಬೇಕು. ಹೆಡ್ಡಿನ ಮುಖದಲ್ಲಿ ಚೇಂಬರಿನ ಬಾಯಿಯನ್ನು ಗ್ರಾಫ್ ಕಾಗದದ ಮೇಲೆ ಒತ್ತಿ ತೆಗೆದು ಚೌಕ ಎಣಿಸಿ. 50 ಚದರ ಸೆಂ.ಮೀ. ಬಂತೆಂದು ಇಟ್ಟುಕೊಂಡರೆ, 1 ಮಿ.ಮೀ. ಕೆತ್ತಿದಾಗ 5 ಸಿಸಿ ಹೋಗುತ್ತದೆ. 19.5ಕ್ಕೆ ಸುಮಾರು 4 ಮಿ.ಮೀ. ಕೆತ್ತಬೇಕು. ಹಳೇ ಎರಕದ ಹೆಡ್ಡಿನಲ್ಲಿ ಅಷ್ಟು ತೆಗೆದರೆ ಉಳಿಯುವ ತಳ ಕಾಗದದ ಹಾಗೆ ತೆಳು. ಒಂದೋ ನೀರಿನ ದಾರಿ ತೆರೆದುಕೊಳ್ಳುತ್ತದೆ, ಇಲ್ಲವೇ ಮೊದಲ ಬಿಸಿಗೇ ಹೆಡ್ ಬಾಗುತ್ತದೆ. 8.5ಕ್ಕೆ ಬೇಕಾದ ಜಾಗ 90 ಸಿಸಿ. ಕಡಿಮೆ ಮಾಡಬೇಕಾದ್ದು ನಾಲ್ಕೂವರೆ ಸಿಸಿ, ಕೆತ್ತಬೇಕಾದ್ದು 0.9 ಮಿ.ಮೀ. ಇದು ಆಗುವ ಕೆಲಸ.

ಹಾಗಾದರೆ ಪಿಸ್ಟನ್ ಬದಲಿಸಿ 10 ಮಾಡಬಹುದಲ್ಲ ಎಂದು ಕೇಳಬಹುದು. ಇಲ್ಲಿ ಕ್ಯಾಮ್ ಮಾತಾಡುತ್ತದೆ. ಇಂಟೇಕ್ ವಾಲ್ವ್ ಮುಚ್ಚುವವರೆಗೆ ಒತ್ತಡ ಹುಟ್ಟುವುದಿಲ್ಲ, ಪಿಸ್ಟನ್ ಮೇಲೇರಿದರೂ ಗಾಳಿ ವಾಪಸು ಮ್ಯಾನಿಫೋಲ್ಡಿಗೆ ಹೋಗುತ್ತಿರುತ್ತದೆ. ಕನೆಕ್ಟಿಂಗ್ ರಾಡ್ ಸ್ಟ್ರೋಕಿನ ಒಂದೂಮುಕ್ಕಾಲು ಪಟ್ಟು ಉದ್ದ ಎಂದು ಹಿಡಿದರೆ, 60 ಡಿಗ್ರಿಗೆ ಮುಚ್ಚುವ ನಿಮ್ಮ ಕ್ಯಾಮಿನಲ್ಲಿ ಸ್ಟ್ರೋಕಿನ ಶೇಕಡಾ 80 ಮಾತ್ರ ಕೆಲಸಕ್ಕೆ ಬರುತ್ತದೆ. ಹೀಗೆ ಲೆಕ್ಕ ಹಾಕಿದ ರೇಶಿಯೋ ಈಗ 6.7, ಹೆಡ್ ಕೆತ್ತಿ 8.5 ಮಾಡಿದರೆ 7, 9ಕ್ಕೆ 7.4, 10ಕ್ಕೆ 8.2. ಎರಕದ ಕಬ್ಬಿಣದ ಹೆಡ್, ಉದ್ದ ಸ್ಟ್ರೋಕ್, ನಮ್ಮ ಕರಾವಳಿಯ ಸೆಕೆ, ಗುಡ್ಡೆ ಹತ್ತುವ ಭಾರ – ಇಷ್ಟೂ ಸೇರಿದಾಗ 7ರಿಂದ 7.5ರ ಒಳಗೆ ಇದ್ದರೆ ಕ್ಷೇಮ. 8 ದಾಟಿದರೆ ನಾಕಿಂಗ್ (ಮಿಶ್ರಣ ತಾನಾಗಿ ಸಿಡಿದು ಬಡಿಯುವುದು) ತಡೆಯಲಿಕ್ಕೆ ಇಗ್ನಿಷನ್ ಟೈಮಿಂಗ್ (ಪ್ಲಗ್ ಕಿಡಿ ಹಾರಿಸುವ ಹೊತ್ತು) ಹಿಂದೆ ಎಳೆಯಬೇಕು. ಟೈಮಿಂಗ್ ಎಳೆದ 10ಕ್ಕಿಂತ ಸರಿಯಾದ ಟೈಮಿಂಗಿನ 8.5 ಹೆಚ್ಚು ಎಳೆಯುತ್ತದೆ, ತಣ್ಣಗೂ ಇರುತ್ತದೆ. ಮೂಲ ಕ್ಯಾಮ್ ಇದ್ದಲ್ಲಿ ಹೆಡ್ ಮುಟ್ಟುವುದೇ ಬೇಡ ಎನ್ನುತ್ತಿದ್ದೆವು. ನಿಮ್ಮದು ತಡವಾಗಿ ಮುಚ್ಚುವ ಕ್ಯಾಮ್ ಆದ್ದರಿಂದ ಕಳೆದುಹೋದ ಒತ್ತಡವನ್ನು ಸ್ವಲ್ಪ ಹಿಂದಕ್ಕೆ ತರಬೇಕಾಗಿದೆ, ಅಷ್ಟೇ.

ಹೆಡ್ ಕೆಲಸಕ್ಕೆ ಮಂಗಳೂರಿನ ಬೈಕಂಪಾಡಿಗೋ ಯೆಯ್ಯಾಡಿಗೋ ಕೊಡುವ ಮೊದಲು ಆರೂ ಚೇಂಬರ್ ಅಳೆಯಿರಿ. ವಾಲ್ವ್ ಕೂರಿಸಿ, ಪ್ಲಗ್ ಹಾಕಿ, ಬಾಯಿಗೆ ತೆಳು ಗ್ರೀಸ್ ಹಚ್ಚಿ ಸಣ್ಣ ತೂತಿರುವ ದಪ್ಪ ಅಕ್ರಿಲಿಕ್ ಹಾಳೆ ಒತ್ತಿ. 100 ಎಂಎಲ್ ಬ್ಯುರೆಟ್ಟಿನಿಂದ ಬಣ್ಣ ಬೆರೆಸಿದ ಸೀಮೆಎಣ್ಣೆ ತುಂಬಿ, ಗುಳ್ಳೆ ಉಳಿಯದಂತೆ ಹೆಡ್ಡನ್ನು ಕೊಂಚ ಓರೆ ಮಾಡಿ. ಒಂದಕ್ಕೊಂದು 1 ಸಿಸಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಚಿಕ್ಕದನ್ನು ಗ್ರೈಂಡ್ ಮಾಡಿ ದೊಡ್ಡದಕ್ಕೆ ಸಮ ಮಾಡಿ, ಆಮೇಲೆ ಕೆತ್ತಿಸಿ. ಒಂದೇ ಸಲಕ್ಕೆ 0.9 ತೆಗೆಸಬೇಡಿ. ಅರ್ಧ ಮಿ.ಮೀ. ತೆಗೆಸಿ ಮತ್ತೆ ಅಳೆಯಿರಿ, ಗ್ರಾಫ್ ಕಾಗದದ ಲೆಕ್ಕ ಅಂದಾಜು ಮಾತ್ರ.

ಕೆತ್ತಿದ ಮೇಲೆ ಮೂರು ಕಡೆ ಎಡವುತ್ತಾರೆ. ಹೆಡ್ 0.9 ಕೆಳಗೆ ಬಂತೆಂದರೆ ಪುಶ್‌ರಾಡ್ 0.9 ಉದ್ದವಾದ ಹಾಗೆ. ಟ್ಯಾಪೆಟ್ ಸ್ಕ್ರೂ ಸಡಿಲಿಸಿ ಸುಧಾರಿಸಿಕೊಂಡರೆ ರಾಕರಿನ ಕೋನ ಕೆಟ್ಟು ವಾಲ್ವ್ ಗೈಡ್ ಒಂದೇ ಬದಿಗೆ ಸವೆಯುತ್ತದೆ. ರಾಕರ್ ಸ್ಟ್ಯಾಂಡಿನ ಅಡಿಗೆ ಅಷ್ಟೇ ದಪ್ಪದ ಶಿಮ್ ಇಡಿ. ಯಾವ ಸ್ಟ್ಯಾಂಡಿನೊಳಗಿಂದ ರಾಕರಿಗೆ ಆಯಿಲ್ ಏರುತ್ತದೋ ಅದರ ಶಿಮ್ಮಿಗೆ ತೂತು ಮರೆಯಬೇಡಿ. ಮರೆತರೆ ರಾಕರ್ ಶಾಫ್ಟ್ ಒಣಗಿ ಕಚ್ಚಿಕೊಳ್ಳುತ್ತದೆ. ಎರಡನೆಯದು, ವಾಲ್ವ್ ಮತ್ತು ಪಿಸ್ಟನ್ ನಡುವಿನ ಜಾಗ. ಪಿಸ್ಟನ್ ತಲೆಗೆ ಮಕ್ಕಳ ಕ್ಲೇ ಅಂಟಿಸಿ, ಹಳೇ ಗ್ಯಾಸ್ಕೆಟ್ ಹಾಕಿ ಹೆಡ್ ಬಿಗಿದು, ಕೈಯಿಂದ ಕ್ರ್ಯಾಂಕ್ ಎರಡು ಸುತ್ತು ತಿರುಗಿಸಿ, ತೆಗೆದು ಕ್ಲೇ ಕೊಯ್ದು ನೋಡಿ. ಇಂಟೇಕಿಗೆ 2, ಎಕ್ಸಾಸ್ಟಿಗೆ 2.5 ಮಿ.ಮೀ. ಕಡ್ಡಾಯ. ಮೂರನೆಯದು, ಕೆತ್ತಿದ ಚೇಂಬರಿನ ಅಂಚು ಚಾಕುವಿನಂತೆ ಹರಿತವಾಗಿರುತ್ತದೆ. ಎಮೆರಿಯಿಂದ ಉಜ್ಜಿ ದುಂಡಾಗಿಸದಿದ್ದರೆ ಆ ಅಂಚೇ ಕೆಂಡವಾಗಿ ಪ್ಲಗ್ಗಿಗಿಂತ ಮೊದಲು ಬೆಂಕಿ ಹಚ್ಚುತ್ತದೆ.

ಇನ್ನು ಕಾರ್ಬುರೇಟರ್. ನಿಮ್ಮ 4049 ಸಿಸಿ ಅಂದರೆ 247 ಕ್ಯೂಬಿಕ್ ಇಂಚು. ಅದನ್ನು ಆರ್‌ಪಿಎಂನಿಂದ ಗುಣಿಸಿ 3456ರಿಂದ ಭಾಗಿಸಿದರೆ ಇಂಜಿನ್ ಪೂರ್ತಿ ತುಂಬಿದಾಗ ನುಂಗುವ ಗಾಳಿ ಸಿಎಫ್‌ಎಂನಲ್ಲಿ ಸಿಗುತ್ತದೆ. 4000ಕ್ಕೆ 286. ಇಂತಹ ಇಂಜಿನ್ ಶೇಕಡಾ 80ರಷ್ಟು ತುಂಬಿದರೆ ದೊಡ್ಡದು, ಹಾಗಾಗಿ 229. 5000ಕ್ಕೆ ತಿರುಗಿ ನೂರಕ್ಕೆ ನೂರು ತುಂಬಿದರೂ 357 ದಾಟುವುದಿಲ್ಲ. ಅದಕ್ಕೆ 5000ಕ್ಕೆ ತಿರುಗುವ ಯೋಗವೂ ಇಲ್ಲ. 114.3 ಸ್ಟ್ರೋಕಿನಲ್ಲಿ 4000ಕ್ಕೇ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 15 ಮೀಟರ್ ದಾಟುತ್ತದೆ, 4500ಕ್ಕೆ 17. ಹಳೇ ಕ್ರ್ಯಾಂಕು, ಎರಕದ ಪಿಸ್ಟನ್ನಿಗೆ ಅಲ್ಲಿಗೆ ಸಾಕು.

600ರದ್ದು ಕೂರಿಸಿದರೆ ಏನಾಗುತ್ತದೆ? ಗುಡ್ಡೆಯಲ್ಲಿ 1500ಕ್ಕೆ ಆಕ್ಸಿಲರೇಟರ್ ತುಳಿದಾಗ ಗಾಳಿ ಅಗಲ ವೆಂಚುರಿಯಲ್ಲಿ (ಬ್ಯಾರೆಲಿನ ಕುತ್ತಿಗೆಯಲ್ಲಿ) ನಿಧಾನಕ್ಕೆ ಹೋಗುತ್ತದೆ. ಪೆಟ್ರೋಲನ್ನು ಎಳೆಯುವಷ್ಟು ಸೆಳೆತ ಹುಟ್ಟುವುದಿಲ್ಲ. ಬಂದ ಪೆಟ್ರೋಲೂ ದೊಡ್ಡ ಹನಿಯಾಗಿ ಮ್ಯಾನಿಫೋಲ್ಡಿನ ತಳದಲ್ಲಿ ಹರಿಯುತ್ತದೆ. ಗಾಡಿ ಒಂದು ಕ್ಷಣ ಸತ್ತು, ಆಮೇಲೆ ಕೆಮ್ಮಿ ಎದ್ದೇಳುತ್ತದೆ. ಜೆಟ್ (ಪೆಟ್ರೋಲ್ ಬರುವ ಅಳತೆಯ ತೂತು) ದೊಡ್ಡದು ಮಾಡಿ ಆ ಸಾವನ್ನು ಮುಚ್ಚಬಹುದು, ಆದರೆ ಆಮೇಲೆ ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು ಕೇಳಬೇಡಿ.

ಸಿಎಫ್‌ಎಂ ಅಂಕಿಯಲ್ಲೂ ಒಂದು ಗೋಲ್‌ಮಾಲ್ ಉಂಟು. ನಾಲ್ಕು ಬ್ಯಾರೆಲಿನದ್ದನ್ನು 1.5 ಇಂಚು ಪಾದರಸದ ಒತ್ತಡ ವ್ಯತ್ಯಾಸದಲ್ಲಿ ಅಳೆಯುತ್ತಾರೆ, ಎರಡು ಬ್ಯಾರೆಲಿನದ್ದನ್ನು 3 ಇಂಚಿನಲ್ಲಿ. ಎರಡು ಬ್ಯಾರೆಲಿನ ಅಂಕಿಯನ್ನು 1.41ರಿಂದ ಭಾಗಿಸಿದರೆ ಮಾತ್ರ ಹೋಲಿಸಬಹುದು. ಹೋಲಿಯ ಎರಡು ಬ್ಯಾರೆಲ್ 350 ಹೀಗೆ 247 ಆಗುತ್ತದೆ, ನಿಮ್ಮ ಇಂಜಿನ್ನಿಗೆ ಅಳೆದು ಹೊಲಿಸಿದ ಹಾಗೆ. ನಾಲ್ಕು ಬ್ಯಾರೆಲೇ ಬೇಕೆಂಬ ಹಟವಿದ್ದರೆ ವ್ಯಾಕ್ಯೂಮ್ ಸೆಕೆಂಡರಿಯ (ಎರಡನೇ ಜೋಡಿ ಬ್ಯಾರೆಲ್ ಇಂಜಿನ್ನಿನ ಎಳೆತಕ್ಕೆ ತಕ್ಕಂತೆ ತೆರೆಯುವ) 390 ಇದೆ, ಅದರ ಮೇಲೆ ಹೋಗಬೇಡಿ.

ಆದರೆ ಗುಡ್ಡೆ ಹತ್ತುವ ಗಾಡಿಗೆ ನಮ್ಮ ಆಯ್ಕೆ ವೆಬರ್ 32/36. ಅಮೆರಿಕದಲ್ಲಿ 4.2 ಲೀಟರಿನ ಸಿಕ್ಸ್ ಇರುವ ಜೀಪುಗಳಿಗೆ ಇದನ್ನು ಧಾರಾಳವಾಗಿ ಹಾಕುತ್ತಾರೆ. ಇದರ ವೆಂಚುರಿ 26 ಮತ್ತು 27 ಮಿ.ಮೀ. ಕಾಲು ಅರ್ಧ ಒತ್ತುವವರೆಗೆ ಒಂದೇ ಬ್ಯಾರೆಲ್ ಕೆಲಸ ಮಾಡುತ್ತದೆ, ಗಾಳಿ ಚುರುಕಾಗಿರುತ್ತದೆ, 1200ಕ್ಕೇ ಎಳೆತ ಸಿಗುತ್ತದೆ. 3500ರ ಮೇಲೆ ಉಸಿರು ಕಟ್ಟಿದಂತಾಗುತ್ತದೆ, ಅದು ನಿಜ. ಹೆದ್ದಾರಿಯ ಓಟವೇ ಮುಖ್ಯವಾದರೆ ಎರಡೂ ಬ್ಯಾರೆಲ್ ಒಟ್ಟಿಗೆ ತೆರೆಯುವ 38/38 ನೋಡಿ. ಅಡಾಪ್ಟರ್ ಪ್ಲೇಟಿನ ಮೇಲೆ ಕೂರಿಸುವಾಗ ಫ್ಲೋಟ್ ಬೌಲ್ (ಪೆಟ್ರೋಲ್ ನಿಲ್ಲುವ ಬಟ್ಟಲು) ಗಾಡಿಯ ಮುಂದಕ್ಕೆ ಬರಲಿ. ಆಗ ಎರಡು ಬ್ಯಾರೆಲ್ ಅಡ್ಡಕ್ಕೆ ನಿಂತು, ಒಂದನೇ ಸಿಲಿಂಡರಿಗೂ ಆರನೆಯದಕ್ಕೂ ಸಮ ದೂರ ಸಿಗುತ್ತದೆ. ಏರಿನಲ್ಲಿ ಬೌಲಿನ ಪೆಟ್ರೋಲ್ ಜೆಟ್ಟಿನ ಕಡೆಗೇ ಸರಿಯುತ್ತದೆ. ಬೌಲ್ ಹಿಂದಕ್ಕೆ ಇಟ್ಟರೆ ಅದೇ ಏರಿನಲ್ಲಿ ಇಂಜಿನ್ ಬಾಯಾರಿ ನಿಲ್ಲುತ್ತದೆ. ಗಾಡಿಯಲ್ಲಿ ಇನ್ನೂ 24 ವೋಲ್ಟ್ ವಯರಿಂಗ್ ಇದ್ದರೆ ಎಲೆಕ್ಟ್ರಿಕ್ ಚೋಕಿನದ್ದು ತೆಗೆದುಕೊಳ್ಳಬೇಡಿ, ಅದು 12 ವೋಲ್ಟಿನದ್ದು. ಕೈಯಿಂದ ಎಳೆಯುವ ಚೋಕ್ ಸಾಕು.

ವೆಬರಿಗೆ ಪೆಟ್ರೋಲ್ ಒತ್ತಡ 2.5ರಿಂದ 3.5 ಪಿಎಸ್‌ಐ. ಹೋಲಿಗೆ 5ರಿಂದ 7 ನಡೆಯುತ್ತದೆ. ಹೋಲಿಗೆಂದು ತಂದ ಎಲೆಕ್ಟ್ರಿಕ್ ಪಂಪನ್ನು ರೆಗ್ಯುಲೇಟರ್ ಇಲ್ಲದೆ ವೆಬರಿಗೆ ಕೊಟ್ಟರೆ ನೀಡಲ್ ಸೀಟ್ ತಡೆಯದೆ ಬೌಲ್ ಉಕ್ಕಿ ಮ್ಯಾನಿಫೋಲ್ಡಿಗೆ ಪೆಟ್ರೋಲ್ ಸುರಿಯುತ್ತದೆ. ಇಂಜಿನ್ ಆಯಿಲಿಗೆ ಪೆಟ್ರೋಲ್ ವಾಸನೆ ಬರುವುದು ಹೀಗೆಯೇ.

ಜೆಟ್ಟಿನ ಮಾತು. ಬಂಕಿನಲ್ಲಿ ಈಗ ಸಿಗುವುದು ಶೇಕಡಾ 20 ಎಥೆನಾಲ್ ಬೆರೆತ ಇ20. ಬರೀ ಪೆಟ್ರೋಲ್ ಒಂದು ಪಾಲಿಗೆ 14.7 ಪಾಲು ಗಾಳಿ ಕೇಳಿದರೆ ಇ20 ಕೇಳುವುದು ಸುಮಾರು 13.5. ಅಂದರೆ ಅದೇ ಗಾಳಿಗೆ ಶೇಕಡಾ 9ರಷ್ಟು ಹೆಚ್ಚು ಇಂಧನ ಹರಿಯಬೇಕು. ಜೆಟ್ಟಿನ ತೂತಿನ ವ್ಯಾಸ ಶೇಕಡಾ 4ರಿಂದ 4.5 ಹೆಚ್ಚಾದರೆ ಅಷ್ಟು ಹರಿಯುತ್ತದೆ. ಪೆಟ್ಟಿಗೆಯಲ್ಲಿ 140ರ ಮೇನ್ ಜೆಟ್ ಬಂದಿದ್ದರೆ 145ರಿಂದ ಶುರು ಮಾಡಿ, ಐಡಲ್ ಜೆಟ್ಟೂ ಒಂದು ಮೆಟ್ಟಿಲು ಮೇಲೆ. ಎಕ್ಸಾಸ್ಟ್ ಪೈಪುಗಳು ಕೂಡುವಲ್ಲಿಂದ ಸ್ವಲ್ಪ ಕೆಳಗೆ ಸೆನ್ಸರಿಗೆ ನಟ್ ವೆಲ್ಡ್ ಮಾಡಿಸಿ, ಗಾಳಿ-ಇಂಧನದ ಪ್ರಮಾಣ ತೋರಿಸುವ ವೈಡ್‌ಬ್ಯಾಂಡ್ ಮೀಟರ್ ಎರವಲಾದರೂ ತಂದು ನೋಡಿ. ಪೂರ್ತಿ ತುಳಿದಾಗ ಲ್ಯಾಂಬ್ಡಾ (ಇಂಧನಕ್ಕೆ ಬೇಕಾದ ಗಾಳಿಯಲ್ಲಿ ಎಷ್ಟು ಪಾಲು ಸಿಕ್ಕಿದೆ ಎಂಬ ಅಂಕಿ) 0.86ರಿಂದ 0.88, ಸಮ ವೇಗದಲ್ಲಿ 1ರ ಹತ್ತಿರ ಇರಲಿ. ಮೀಟರ್ ಲ್ಯಾಂಬ್ಡಾ ಬದಲು 12.7 ಎಂಬಂತೆ ಅಂಕಿ ತೋರಿಸುವುದಾದರೆ ಗಲಿಬಿಲಿ ಬೇಡ. ಅದು ಒಳಗೆ 14.7ರಿಂದ ಗುಣಿಸಿ ತೋರಿಸುತ್ತದೆ, ಇ20 ಹಾಕಿದರೂ ಅದೇ 12.7ಕ್ಕೆ ಹೊಂದಿಸಿ. ಆಮೇಲೆ ಆರೂ ಪ್ಲಗ್ ತೆಗೆದು ಸಾಲಾಗಿ ಇಡಿ. ಒಂದೇ ಕಾರ್ಬುರೇಟರಿನ ಸಿಕ್ಸ್‌ನಲ್ಲಿ 1 ಮತ್ತು 6 ಸಾಮಾನ್ಯವಾಗಿ ಉಳಿದವಕ್ಕಿಂತ ಬಿಳಿಚಿಕೊಂಡಿರುತ್ತವೆ. ಜೆಟ್ ನಿರ್ಧಾರವಾಗಬೇಕಾದ್ದು ಆ ಎರಡನ್ನು ನೋಡಿ, ನಡುವಿನ 3, 4ನ್ನು ನೋಡಿ ಅಲ್ಲ.

ಪ್ರಶ್ನೆ: ನನ್ನ ಹಳೇ ಲ್ಯಾಂಡ್ ಕ್ರೂಸರಿನಲ್ಲಿ 2ಎಫ್ ಇಂಜಿನ್ ಇದೆ. ಭಾವ ದುಬೈಯಿಂದ ರಜೆಗೆ ಬರುವಾಗ ಮೂರು ಎಸ್‌ಯು ಕಾರ್ಬುರೇಟರಿನ ಸೆಟ್ ತರುತ್ತೇನೆ ಎನ್ನುತ್ತಿದ್ದಾರೆ, ಹಳೆಯದಂತೆ. ಆರು ಸಿಲಿಂಡರಿಗೆ ಮೂರು ಸರಿಯಲ್ಲವೇ?
— ಓದುಗರು, ಕಿನ್ನಿಗೋಳಿ

ಉತ್ತರ: ನೋಡಲಿಕ್ಕೆ ಚೆಂದ, ಲೆಕ್ಕಕ್ಕೆ ಎರಡೇ ಚೆಂದ. ಇನ್‌ಲೈನ್ ಸಿಕ್ಸ್‌ನ ಫೈರಿಂಗ್ ಆರ್ಡರ್ 1-5-3-6-2-4, ಪ್ರತಿ 120 ಡಿಗ್ರಿಗೆ ಒಂದು. ಮುಂದಿನ ಮೂರಕ್ಕೆ ಒಂದು, ಹಿಂದಿನ ಮೂರಕ್ಕೆ ಒಂದು ಕಾರ್ಬುರೇಟರ್ ಕೊಟ್ಟರೆ, ಪ್ರತಿಯೊಂದಕ್ಕೂ ಸರಿಯಾಗಿ 240 ಡಿಗ್ರಿಗೊಮ್ಮೆ ಎಳೆತ ಬೀಳುತ್ತದೆ. ಮೂರು ಇಟ್ಟರೆ ನಡುವಿನದಕ್ಕೆ ಮಾತ್ರ 360 ಡಿಗ್ರಿಯ ಸಮ ಅಂತರ. ಮೊದಲನೆಯದಕ್ಕೂ ಕೊನೆಯದಕ್ಕೂ ಒಮ್ಮೆ 240, ಒಮ್ಮೆ 480. ಉದ್ದ ಬಿಡುವಿನ ನಂತರ ಎಳೆಯುವ ಸಿಲಿಂಡರಿಗೂ ಬೆನ್ನಿಗೇ ಎಳೆಯುವ ಸಿಲಿಂಡರಿಗೂ ಸಿಗುವ ಮಿಶ್ರಣ ಬೇರೆ. ದಪ್ಪ ಬ್ಯಾಲೆನ್ಸ್ ಪೈಪ್ ಇದ್ದರೆ ಇದು ಎಷ್ಟೋ ಸರಿಯಾಗುತ್ತದೆ, ಇಲ್ಲದಿದ್ದರೆ ಐಡಲ್ ಎಂದೂ ನೆಟ್ಟಗಾಗುವುದಿಲ್ಲ.

ಗಾಳಿ ಸಾಲದೇ ಹೋದೀತೆಂಬ ಭಯವೂ ಬೇಡ. 1948ರ ಜಾಗ್ವಾರ್ ಎಕ್ಸ್‌ಕೆ120 ಕಾರಿನ 3442 ಸಿಸಿ ಸಿಕ್ಸ್ ಎರಡೇ ಎರಡು ಒಂದೂಮುಕ್ಕಾಲು ಇಂಚಿನ ಎಸ್‌ಯು ಇಟ್ಟುಕೊಂಡು 5000 ಆರ್‌ಪಿಎಂಗೆ 160 ಅಶ್ವಶಕ್ತಿ ಕೊಡುತ್ತಿತ್ತು. ನಿಮ್ಮದು 4230 ಸಿಸಿ, ಆದರೆ 4000ದ ಮೇಲೆ ಕೆಲಸವಿಲ್ಲ. ಗುಣಿಸಿ ನೋಡಿದರೆ ಜಾಗ್ವಾರಿಗಿಂತ ಕಡಿಮೆ ಗಾಳಿ ಸಾಕು. ಮೂರರ ಸೆಟ್ಟೇ ಬಂದರೆ ಎರಡನ್ನು ಹಾಕಿ, ಒಂದನ್ನು ಬಿಡಿಭಾಗಕ್ಕೆ ಇಡಿ.

ಭಾವನಿಗೆ ಹೇಳಿ: ತೆಗೆದುಕೊಳ್ಳುವ ಮೊದಲು ಥ್ರಾಟಲ್ ಸ್ಪಿಂಡಲನ್ನು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಲಿ. ಮರಳುಗಾಡಿನ ಧೂಳಿನಲ್ಲಿ ಓಡಿದ್ದರೆ ಸ್ಪಿಂಡಲ್ ತೂತು ಅಂಡಾಕಾರಕ್ಕೆ ಸವೆದಿರುತ್ತದೆ. ಅಲ್ಲಿಂದ ಕಳ್ಳಗಾಳಿ ನುಗ್ಗುತ್ತಿದ್ದರೆ ಯಾವ ಟ್ಯೂನಿಂಗೂ ನಿಲ್ಲುವುದಿಲ್ಲ, ಹೊಸ ಬುಶ್ ಹಾಕಿಸಬೇಕು. ಕಾರ್ಬುರೇಟರಿನೊಳಗಿನ ಪಿಸ್ಟನ್ ಮತ್ತು ಅದರ ಮೇಲಿನ ಡೋಮ್ ಜೋಡಿಯಾಗಿಯೇ ಇರಲಿ, ಮೂರರದ್ದನ್ನು ಕಲಸಿದರೆ ಒಂದೂ ಸರಿಯಾಗಿ ಜಾರುವುದಿಲ್ಲ.

2ಎಫ್‌ನಲ್ಲಿ ಇಂಟೇಕ್, ಎಕ್ಸಾಸ್ಟ್ ಎರಡೂ ಒಂದೇ ಬದಿ, ಒಂದಕ್ಕೊಂದು ಬೋಲ್ಟ್ ಮಾಡಿದ್ದು. ಎಸ್‌ಯುವಿನಂತೆ ಬದಿಯಿಂದ ಗಾಳಿ ಎಳೆಯುವ ಸೈಡ್‌ಡ್ರಾಫ್ಟ್ ಹಾಕಿದರೆ ಬೌಲಿನ ಅಡಿಯಲ್ಲೇ ಕೆಂಪು ಕಾಯುವ ಎಕ್ಸಾಸ್ಟ್. ನಡುವೆ ಅಲ್ಯೂಮಿನಿಯಂ ತಗಡಿನ ತಡೆ ಬೇಕು, ಇಲ್ಲದಿದ್ದರೆ ಗಾಡಿ ನಿಲ್ಲಿಸಿದ ಹತ್ತು ನಿಮಿಷಕ್ಕೆ ಪೆಟ್ರೋಲ್ ಕುದಿದು ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಒತ್ತಡ 2.5 ಪಿಎಸ್‌ಐ ಮೀರಬಾರದು. ಡ್ಯಾಂಪರಿಗೆ 20 ನಂಬ್ರದ ಆಯಿಲ್ ಹಾಕಿ. ತೆಳು ಆಯಿಲ್ ಹಾಕಿದರೆ ಪಿಕಪ್ ಕೊಟ್ಟ ಕ್ಷಣ ಪಿಸ್ಟನ್ ಹಾರಿ ಮಿಶ್ರಣ ತೆಳುವಾಗುತ್ತದೆ.

ಹೊಂದಿಸುವಾಗ ಇಂಜಿನ್ ಬಿಸಿಯಿರಲಿ. ಎರಡರ ನಡುವಿನ ಕೊಂಡಿ ಸಡಿಲಿಸಿ, ರಬ್ಬರ್ ಕೊಳವೆಯ ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬುರೇಟರಿನ ಬಾಯಿಗೆ ಹಿಡಿದು ಸದ್ದು ಒಂದೇ ಸಮ ಆಗುವವರೆಗೆ ಸ್ಕ್ರೂ ತಿರುಗಿಸಿ, ಆಮೇಲೆ ಕೊಂಡಿ ಬಿಗಿಯಿರಿ. ಮಿಶ್ರಣಕ್ಕೆ, ಪಿಸ್ಟನ್ನನ್ನು ಪಿನ್ನಿನಿಂದ ಒಂದು ಮಿ.ಮೀ. ಎತ್ತಿ. ಆರ್‌ಪಿಎಂ ಏರಿ ಅಲ್ಲೇ ನಿಂತರೆ ಮಿಶ್ರಣ ದಪ್ಪ, ಇಂಜಿನ್ ಕುಸಿದರೆ ತೆಳು, ಕ್ಷಣ ಏರಿ ಮತ್ತೆ ಇಳಿದರೆ ಸರಿ.

ಪ್ರಶ್ನೆ: ಜೋಂಗಾ ಆಗುಂಬೆ ಘಾಟಿಯಲ್ಲಿ ನಾಲ್ಕೈದು ತಿರುವು ದಾಟಿದ ಮೇಲೆ ಮೂರನೇ ಗೇರಿನಲ್ಲಿ ‘ಟಕಟಕ’ ಎನ್ನುತ್ತದೆ. ಘಾಟಿಯ ಬುಡದ ಸೋಮೇಶ್ವರದವರೆಗೆ ಏನೂ ಇಲ್ಲ. ಹಿಂದಿನ ಮಾಲಕರು ಹೆಡ್ ಸ್ಕಿಮ್ಮಿಂಗ್ (ಮುಖ ಕೆತ್ತುವ ಕೆಲಸ) ಮಾಡಿಸಿದ್ದರಂತೆ, ಎಷ್ಟೆಂದು ಗೊತ್ತಿಲ್ಲ. ಹೆಡ್ ಬದಲಿಸಬೇಕೇ?
— ಓದುಗರು, ಕಾರ್ಕಳ

ಉತ್ತರ: ಹೆಡ್ಡಿಗೆ ಕೈ ಹಾಕುವುದು ಕೊನೆಗೆ. ಮೊದಲು ಅದು ನಾಕಿಂಗ್ ಹೌದೋ ಎಂದು ನೋಡಿ. ಟ್ಯಾಂಕ್ ಹೆಚ್ಚುಕಡಿಮೆ ಖಾಲಿ ಮಾಡಿ 10 ಲೀಟರ್ 100 ಆಕ್ಟೇನಿನ ಪೆಟ್ರೋಲ್ ಸಿಕ್ಕರೆ ಹಾಕಿ ಅದೇ ಘಾಟಿ ಹತ್ತಿ. ಸದ್ದು ಹೋದರೆ ನಾಕಿಂಗ್. ಹೋಗದಿದ್ದರೆ ಪಿಸ್ಟನ್ ಅಥವಾ ಬೇರಿಂಗಿನ ಸದ್ದು, ಆ ದಾರಿ ಬೇರೆ.

ಏರು ಶುರುವಾದ ಕೂಡಲೇ ಬಾರದೆ ನಾಲ್ಕೈದು ತಿರುವಿನ ನಂತರ ಬರುತ್ತದೆ ಎಂದಿರಿ. ಇದು ಬಿಸಿಯ ಗುರುತು, ರೇಶಿಯೋ ಒಂದರದ್ದೇ ತಪ್ಪಲ್ಲ. ಎತ್ತರವನ್ನು ದೂರುವಂತೆಯೂ ಇಲ್ಲ. ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರಕ್ಕೆ ಏರಿದಾಗ ಗಾಳಿ ತೆಳುವಾಗಿ ನಾಕಿಂಗ್ ಕಡಿಮೆಯೇ ಆಗಬೇಕು. ರೇಡಿಯೇಟರಿನ ಕೊಳವೆಗಳು ಅರ್ಧ ಕಟ್ಟಿವೆಯೇ, ಫ್ಯಾನಿನ ಸುತ್ತ ತಗಡಿನ ಕವಚ ಇದೆಯೇ, ಥರ್ಮೋಸ್ಟಾಟ್ ತೆರೆಯುತ್ತದೆಯೇ – ಈ ಮೂರು ನೋಡಿ.

ಆಮೇಲೆ ಟೈಮಿಂಗ್. ಪುಲ್ಲಿಯ ಮೇಲಿನ ಗುರುತನ್ನು ನಂಬಬೇಡಿ, ರಬ್ಬರ್ ಜಾರಿದ ಪುಲ್ಲಿಯಲ್ಲಿ ಗುರುತು ಹತ್ತು ಡಿಗ್ರಿ ಅತ್ತಿತ್ತ ಹೋಗಿರುತ್ತದೆ. ಒಂದನೇ ಪ್ಲಗ್ಗಿನ ತೂತಿಗೆ ಮೊಂಡು ತುದಿಯ ಬೋಲ್ಟ್ ಹಾಕಿ ಪಿಸ್ಟನ್ನಿಗೆ ತಡೆ ಕೊಡಿ. ಕ್ರ್ಯಾಂಕನ್ನು ಕೈಯಿಂದಲೇ ಎರಡೂ ದಿಕ್ಕಿಗೆ ತಿರುಗಿಸಿ, ನಿಂತಲ್ಲೆಲ್ಲ ಗೆರೆ ಹಾಕಿ. ಎರಡು ಗೆರೆಗಳ ನಟ್ಟನಡುವೆ ನಿಜವಾದ ಟಿ.ಡಿ.ಸಿ., ಎಂದರೆ ಪಿಸ್ಟನ್ ಪೂರ್ತಿ ಮೇಲಿರುವ ಬಿಂದು. ಈಗ 3000 ಆರ್‌ಪಿಎಂನಲ್ಲಿ ವ್ಯಾಕ್ಯೂಮ್ ಕೊಳವೆ ಕಳಚಿ ಮುಚ್ಚಿ ನೋಡಿ. ಒಟ್ಟು ಅಡ್ವಾನ್ಸ್ (ಆ ಬಿಂದುವಿಗಿಂತ ಎಷ್ಟು ಮೊದಲು ಕಿಡಿ ಹಾರುತ್ತದೆ ಎಂಬುದು) 28ರಿಂದ 32 ಡಿಗ್ರಿಯ ಒಳಗಿರಲಿ. 36, 38 ಕಂಡರೆ ಡಿಸ್ಟ್ರಿಬ್ಯೂಟರಿನೊಳಗಿನ ಸ್ಪ್ರಿಂಗ್ ಸೋತಿರಬಹುದು.

ಪ್ಲಗ್ ಒಂದು ಮೆಟ್ಟಿಲು ತಣ್ಣನೆಯದು ಹಾಕಿ. ಇಲ್ಲಿ ಅಂಗಡಿಯಲ್ಲೇ ತಪ್ಪಾಗುವುದು ಜಾಸ್ತಿ: ಎನ್‌ಜಿಕೆಯಲ್ಲಿ ಅಂಕಿ ಹೆಚ್ಚಾದಷ್ಟು ತಣ್ಣಗೆ, ಬಾಷ್‌ನಲ್ಲಿ ಅಂಕಿ ಕಡಿಮೆಯಾದಷ್ಟು ತಣ್ಣಗೆ. ಎನ್‌ಜಿಕೆ 5 ಇದ್ದರೆ 6, ಬಾಷ್ 7 ಇದ್ದರೆ 6. ಜೊತೆಗೆ, ಹಳೇ ಪೆಟ್ರೋಲಿಗೆ ಹೊಂದಿಸಿದ ಜೆಟ್ಟನ್ನೇ ಇ20ಗೂ ಇಟ್ಟಿದ್ದರೆ ಮಿಶ್ರಣ ತೆಳುವಾಗಿ ಬಿಸಿ ಏರುತ್ತದೆ. ಕಾಪುವಿನವರಿಗೆ ಹೇಳಿದ ಜೆಟ್ಟಿನ ಲೆಕ್ಕ ನಿಮಗೂ ಸಲ್ಲುತ್ತದೆ.

ಇಷ್ಟಾದರೂ ಹೋಗದಿದ್ದರೆ ಮಾತ್ರ ಹೆಡ್ ಬಿಚ್ಚಿ. ಚೇಂಬರ್ ಅಳೆದು 9 ದಾಟಿದ್ದು ಕಂಡರೂ ಹೊಸ ಹೆಡ್ ಹುಡುಕುವ ಮೊದಲು ಚೇಂಬರಿನ ಗೋಡೆಯನ್ನು ಅಗಲಿಸಿ ನಾಲ್ಕೈದು ಸಿಸಿ ವಾಪಸು ಪಡೆಯಬಹುದು. ಎರಡು ಗ್ಯಾಸ್ಕೆಟ್ ಒಂದರ ಮೇಲೊಂದು ಹಾಕುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ, ಮೊದಲ ಘಾಟಿಯಲ್ಲೇ ಊದುತ್ತದೆ.

ಪ್ರಶ್ನೆ: ಮಳೆಗಾಲ ಕಳೆದು ಕಾರ್ಬುರೇಟರ್ ತೆರೆದರೆ ಬೌಲಿನ ತಳದಲ್ಲಿ ಬಿಳಿ ಪುಡಿ. ಪ್ರತಿ ವರ್ಷ ಇದೇ ಕತೆ.
— ಓದುಗರು, ಮಲ್ಪೆ

ಉತ್ತರ: ಎಥೆನಾಲ್ ಗಾಳಿಯ ತೇವ ಹೀರುತ್ತದೆ, ಆ ನೀರು ಸತು-ಅಲ್ಯೂಮಿನಿಯಂ ಮಿಶ್ರಲೋಹದ ಬೌಲನ್ನು ತಿನ್ನುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಲ್ಪೆಯ ಗಾಳಿಯಲ್ಲಿ ತೇವಕ್ಕೆ ಬರವೇ? ಮೂರು ವಾರಕ್ಕಿಂತ ಹೆಚ್ಚು ಗಾಡಿ ನಿಲ್ಲುವುದಾದರೆ ಟ್ಯಾಂಕ್ ತುಂಬಿಸಿ ಇಡಿ, ಒಳಗೆ ಗಾಳಿಗೆ ಜಾಗ ಕಡಿಮೆಯಾಗುತ್ತದೆ. ಪೆಟ್ರೋಲ್ ಪೈಪ್ ಮುಚ್ಚಿ ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಬೌಲ್ ಒಣಗಿಸಿ. ಮಳೆ ನಿಂತ ಮೇಲೆ ಟ್ಯಾಂಕಿನ ತಳದಿಂದ ಒಂದು ಗಾಜಿನ ಬಾಟಲಿಗೆ ಪೆಟ್ರೋಲ್ ಇಳಿಸಿ ಅರ್ಧ ಗಂಟೆ ಇಡಿ. ಎರಡು ಪದರ ಕಂಡರೆ ಅಡಿಯದ್ದು ನೀರು ಕುಡಿದ ಎಥೆನಾಲ್. ಮೇಲೆ ಉಳಿದ ಪೆಟ್ರೋಲಿನ ಆಕ್ಟೇನ್ ಬಿದ್ದುಹೋಗಿರುತ್ತದೆ. ಎರಡನ್ನೂ ಚೆಲ್ಲದೆ ವಿಧಿಯಿಲ್ಲ. ಜೆಟ್ಟಿಗೆ ತಂತಿ ಚುಚ್ಚಬೇಡಿ, ಹಿತ್ತಾಳೆ ಮೆತ್ತಗೆ, ತೂತು ದೊಡ್ಡದಾದರೆ ಅಳತೆಯೇ ತಪ್ಪುತ್ತದೆ. ಕ್ಲೀನರಿನಲ್ಲಿ ನೆನೆಸಿ ಗಾಳಿ ಊದಿ. ನೀಡಲಿನ ತುದಿ ವಿಟಾನ್ (ಎಥೆನಾಲ್ ತಡೆಯುವ ರಬ್ಬರ್) ಇರುವುದನ್ನೇ ಕೇಳಿ ತನ್ನಿ.

ಪ್ರಶ್ನೆ: ವೆಬರ್ 32/36 ಹಾಕಿದ ಮೇಲೆ ಹೊಗೆ ತಪಾಸಣೆಯಲ್ಲಿ ಫೇಲ್. ಮಿಕ್ಸ್ಚರ್ ಸ್ಕ್ರೂ ಎಷ್ಟು ತಿರುಗಿಸಿದರೂ ವ್ಯತ್ಯಾಸವೇ ಇಲ್ಲ.
— ಓದುಗರು, ಮಣಿಪಾಲ

ಉತ್ತರ: ಸ್ಕ್ರೂ ಮಾತು ಕೇಳುವುದಿಲ್ಲ ಎಂದರೆ ಥ್ರಾಟಲ್ ಆಗಲೇ ಹೆಚ್ಚು ತೆರೆದುಕೊಂಡಿದೆ, ಪೆಟ್ರೋಲ್ ಐಡಲ್ ತೂತಿನ ಬದಲು ಅದರ ಮೇಲಿನ ಪ್ರೋಗ್ರೆಷನ್ ತೂತುಗಳಿಂದ ಬರುತ್ತಿದೆ. ಐಡಲ್ ಸ್ಪೀಡ್ ಸ್ಕ್ರೂ ಪೂರ್ತಿ ಬಿಚ್ಚಿ, ಲಿವರಿಗೆ ತಾಗಿದಲ್ಲಿಂದ ಅರ್ಧ ಸುತ್ತು ಮಾತ್ರ ಒಳಗೆ. ಮಿಕ್ಸ್ಚರ್ ಸ್ಕ್ರೂ ಹಗುರವಾಗಿ ಮುಚ್ಚಿ ಎರಡು ಸುತ್ತು ಹೊರಗೆ. ಬಿಸಿ ಇಂಜಿನ್ನಿನಲ್ಲಿ ನಿಧಾನಕ್ಕೆ ಒಳಗೆ ತಿರುಗಿಸುತ್ತ, ಇಂಜಿನ್ ತಡವರಿಸುವಲ್ಲಿಂದ ಕಾಲು ಸುತ್ತು ಹಿಂದಕ್ಕೆ ಬನ್ನಿ. ಎರಡು ಸುತ್ತಿಗಿಂತ ಹೊರಗೆ ಚೆನ್ನಾಗಿ ಓಡಿದರೆ ಐಡಲ್ ಜೆಟ್ ಸಣ್ಣದು, ಒಂದಕ್ಕಿಂತ ಒಳಗೆ ಆದರೆ ದೊಡ್ಡದು, ಬದಲಿಸಿ. ಸ್ಪೀಡ್ ಸ್ಕ್ರೂ ಒಂದೂವರೆ ಸುತ್ತು ದಾಟಬೇಕಾಗಿ ಬಂದರೂ ಅದು ಸಣ್ಣ ಐಡಲ್ ಜೆಟ್ಟಿನ ಲಕ್ಷಣ, ಇಲ್ಲವೇ ಅಡಾಪ್ಟರಿನ ಪ್ಯಾಕಿಂಗಿನಲ್ಲಿ ಕಳ್ಳಗಾಳಿ. ಪ್ಯಾಕಿಂಗಿನ ಅಂಚಿಗೆ ಸ್ವಲ್ಪ ಕಾರ್ಬ್ ಕ್ಲೀನರ್ ಚಿಮುಕಿಸಿ. ಐಡಲ್ ಬದಲಾದರೆ ಅಲ್ಲೇ ಸೋರಿಕೆ. ಎಕ್ಸಾಸ್ಟ್ ಬಿಸಿಯಿದೆ, ದೂರದಿಂದ, ಕಡಿಮೆ ಕಡಿಮೆ.

2000ಕ್ಕಿಂತ ಹಿಂದಿನ ನಾಲ್ಕು ಚಕ್ರದ ಪೆಟ್ರೋಲ್ ಗಾಡಿಗೆ ಐಡಲಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇಕಡಾ 3. ಮೇಲೆ ಹೇಳಿದಂತೆ ಹೊಂದಿಸಿದ ವೆಬರ್ 2ರ ಒಳಗೆ ಬರಬೇಕು. ತಪಾಸಣೆಗೆ ಹೋಗುವಾಗ ಗಾಡಿಯನ್ನು ಕನಿಷ್ಠ 10 ಕಿಲೋಮೀಟರ್ ಓಡಿಸಿಕೊಂಡೇ ಹೋಗಿ, ಚೋಕ್ ಪೂರ್ತಿ ತೆರೆದಿದೆಯೇ ನೋಡಿ. ಸಾಲಿನಲ್ಲಿ ಹತ್ತು ನಿಮಿಷ ಐಡಲಿನಲ್ಲಿ ಕಾಯಬೇಕಾಯಿತೆಂದರೆ, ಅಳತೆಯ ನಳಿಕೆ ಹಾಕುವ ಮೊದಲು ಅರ್ಧ ನಿಮಿಷ 2500ಕ್ಕೆ ಏರಿಸಿ ಪ್ಲಗ್ಗಿನ ಮಸಿ ಉರಿಯಲು ಬಿಡಿ.